‘ದುರ್ಗಾಸ್ತಮಾನ’ ಮುಗಿಯಿತು, ಅಪ್ಪನಿಗೆ ಮುಂದೆ ಯಾವ ತರಾಸು ಓದಲಿ?

ಹಿರಿಯೂರಿನ ಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಈಗ ಕಣ್ಣು ಸರಿಯಾಗಿ ಕಾಣಿಸಲ್ಲ. ಚಿತ್ರದುರ್ಗದ ಕಡೆಯ ರೂಟಿನಲ್ಲೇ ವರ್ಷಗಟ್ಟಲೆ ಬಸ್ ಓಡಿಸಿದವರು. ಎರಡು ಟ್ರಿಪ್‌ಗಳ ನಡುವೆ ಸ್ಟಿಯರಿಂಗ್ ಮೇಲೆ ಪುಸ್ತಕ ಇಟ್ಟುಕೊಂಡು ಕಾದಂಬರಿಕಾರ ತರಾಸು (ತ.ರಾ. ಸುಬ್ಬರಾವ್) ಬರೆದದ್ದನ್ನು ಓದುತ್ತಿದ್ದರಂತೆ. ಹಾಗಾಗಿ ದಿನಾ ಊಟ ಆದಮೇಲೆ ತರಾಸು ಅವರ ‘ದುರ್ಗಾಸ್ತಮಾನ’ ಕಾದಂಬರಿಯನ್ನು ಒಂದಷ್ಟು ಪುಟ ನಾನೇ ಜೋರಾಗಿ ಓದಿದೆ. ನಾಲ್ಕು ತಿಂಗಳು ಹಿಡಿಯಿತು.

ಕಾಲೇಜಿನಲ್ಲಿದ್ದಾಗ ಒಮ್ಮೆ ಓದಿದ್ದೆ. ಆಗ ಮುಂದೇನಾಯ್ತು ಅನ್ನೋ ಅವಸರದಲ್ಲಿ ಪುಟ ಹಾರಿಸಿದ್ದೆ. ಗಟ್ಟಿಯಾಗಿ ಓದಿದಾಗಲೇ ಗೊತ್ತಾಗಿದ್ದು, ತರಾಸು ಮಾತು ಬಾಯಿಗೆ ಎಷ್ಟು ಒಗ್ಗುತ್ತದೆ ಅಂತ. ಜಾನಕಲ್ಲಿನ ಹನ್ನೆರಡು ವರ್ಷದ ಹುಡುಗ ಮದಕರಿ ನಾಯಕ 1754ರಲ್ಲಿ ಚಿತ್ರದುರ್ಗದ ಗಾದಿಗೆ ಬರುತ್ತಾನೆ. ಅಲ್ಲಿಂದಲೇ ಅಪ್ಪ ಅವನನ್ನು ‘ನಮ್ಮ ಹುಡುಗ’ ಅನ್ನೋಕೆ ಶುರು ಮಾಡಿದರು. ರಾಜಮಾತೆ ಗಂಡೋಬಳವ್ವ ನಾಗತಿ ಮಾತಾಡುವಾಗಲೆಲ್ಲ ‘ತಡಿ, ಇನ್ನೊಂದ್ಸಲ ಓದು’ ಅನ್ನುತ್ತಿದ್ದರು. ಕೋಟೆಯೊಳಗಿನ ಏಕನಾಥೇಶ್ವರಿ ಗುಡಿ, ತುಪ್ಪದ ಕೊಳ ಅಂತ ಬಂದರೆ ಹಾಸಿಗೆ ಮೇಲೆ ಬೆರಳಲ್ಲಿ ಗೆರೆ ಎಳೆದು ಯಾವುದು ಎಲ್ಲಿದೆ ಅಂತ ತೋರಿಸುತ್ತಿದ್ದರು.

ಹೈದರಾಲಿಯ ಸೈನ್ಯ ಕೊನೆಯ ಸಲ ಬಂದು ಮುತ್ತಿಗೆ ಹಾಕಿದ ಮೇಲೆ ಮೂರು ರಾತ್ರಿ ನಾನು ಪುಸ್ತಕ ತೆಗೆದಾಗಲೆಲ್ಲ ‘ಇವತ್ತು ಬ್ಯಾಡ ಬಿಡು’ ಅಂದರು. 1779ರಲ್ಲಿ ಕೋಟೆ ಬಿತ್ತು ಅಂತ ಅವರಿಗೆ ಗೊತ್ತಿಲ್ಲವಾ? ಪುಸ್ತಕದ ಹೆಸರೇ ಅದನ್ನು ಹೇಳುತ್ತದೆ. ಆದರೂ ತಡೆದರು. ನಾಲ್ಕನೇ ದಿನ ಮುಗಿಸಿದೆವು. ಆ ರಾತ್ರಿ ಟಿವಿ ಹಾಕಬೇಡ ಅಂದರು.

ಈಗ ಹೇಳಿ, ನಿಮಗೆ ತರಾಸು ಬರೆದದ್ದರಲ್ಲಿ ಜಾಸ್ತಿ ಇಷ್ಟವಾದದ್ದು ಯಾವುದು? ಗಟ್ಟಿಯಾಗಿ ಓದಲು ಯಾವುದು ಚೆನ್ನ?

ಚಳ್ಳಕೆರೆಯವ:
ಅಕ್ಕಾ, ತರಾಸು ಮನೆತನದ ಊರು ತಳುಕು ನಮ್ಮ ತಾಲ್ಲೂಕೇ, ಅದಕ್ಕೆ ಮೊದಲು ನಾನೇ ಹೇಳಿಬಿಡ್ತೀನಿ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’. ಮೂರೂ ಸೇರಿ ಒಂದೇ ಕಥೆ, ಇದೇ ಕ್ರಮದಲ್ಲಿ ಓದಿ. ದಳವಾಯಿ ಮುದ್ದಣ್ಣ ತನಗೆ ಬೇಕಾದವರನ್ನು ಗಾದಿ ಮೇಲೆ ಕೂರಿಸುತ್ತಾನೆ, ಬೇಡವಾದರೆ ಇಳಿಸುತ್ತಾನೆ. ಮದಕರಿಗಿಂತ ಸುಮಾರು ನೂರು ವರ್ಷ ಹಿಂದಿನ ದುರ್ಗ ಅದು. ‘ದುರ್ಗಾಸ್ತಮಾನ’ದಲ್ಲಿ ಶತ್ರು ಕೋಟೆಯ ಹೊರಗೂ ಇದ್ದಾನೆ, ಇಲ್ಲಿ ಪೂರ್ತಿ ಒಳಗೇ ಇದ್ದಾನೆ. ನನಗೆ ಹಿಡಿಸಿದ್ದು ಅದೇ. ಮುದ್ದಣ್ಣ ಎಷ್ಟು ಕೆಟ್ಟವನೋ ಅಷ್ಟೇ ಬುದ್ಧಿವಂತ. ಅವನು ಬಾಯಿ ತೆರೆದರೆ ಭಯವಾಗುತ್ತದೆ. ಕೊನೆಗೆ ಅವನಿಗೇನಾಯ್ತು ಅಂತ ಹೇಳಲ್ಲ.

ಸಂಗೀತದ ಮೇಷ್ಟ್ರು:
ನನ್ನದು ‘ಹಂಸಗೀತೆ’. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. 1975ರಲ್ಲಿ ಸಿನಿಮಾ ಆಯಿತು, ತುಂಬಾ ಜನ ಅದನ್ನಷ್ಟೇ ನೋಡಿದ್ದಾರೆ. ಯುದ್ಧ, ಪಟ್ಟ ಇದೆಲ್ಲ ಬಿಟ್ಟು ಒಬ್ಬ ಹಾಡುಗಾರನ ಹಠದ ಹಿಂದೆ ತರಾಸು ಹೋಗಿದ್ದಾರೆ. ಟಿಪ್ಪುವಿನ ಮುಂದೆ ಹಾಡಲಾರೆ ಅಂತ ಅವನು ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ನಾನು ಮೂವತ್ತು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ, ಈಗಲೂ ಆ ಭಾಗ ಒಂದೇ ಉಸಿರಿಗೆ ಓದಲು ಆಗಲ್ಲ. ಆದರೆ ತಾಯೀ, ಅಪ್ಪನ ಮನಸ್ಸು ಈಗಷ್ಟೇ ಭಾರವಾಗಿದೆ ಅಲ್ವಾ? ಇದನ್ನು ಒಂದೆರಡು ತಿಂಗಳು ಬಿಟ್ಟು ಓದಿ.

ಓದುಗ ದಾವಣಗೆರೆ:
‘ಹೊಸಹಗಲು’, ಆಮೇಲೆ ‘ವಿಜಯೋತ್ಸವ’. ಭರಮಣ್ಣ ನಾಯಕನ ಕಾಲ. ಮುದ್ದಣ್ಣನ ಹಾವಳಿ ಮುಗಿದು 1689ರಲ್ಲಿ ಪಟ್ಟಕ್ಕೆ ಬಂದು ಮೂವತ್ತು ವರ್ಷಕ್ಕೂ ಜಾಸ್ತಿ ಆಳಿದವನು, ಕೆರೆ ಗುಡಿ ಕಟ್ಟಿಸಿದವನು. ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಅದನ್ನು ನೋಡಲು ತರಾಸು ಇರಲಿಲ್ಲ. ಅಂದಿನಿಂದ ಎಲ್ಲರ ಬಾಯಲ್ಲೂ ಅದೊಂದೇ. ಈ ಎರಡನ್ನು ಯಾರೂ ಕೇಳುವುದೇ ಇಲ್ಲ ಅಂತ ನನಗೆ ಬೇಜಾರು.

ಹಿರಿಯೂರಿನ ಮಗಳು:
ಎಲ್ಲ ಉತ್ತರಗಳನ್ನೂ ಅಪ್ಪನಿಗೆ ಓದಿ ಹೇಳಿದೆ. ಮೇಷ್ಟ್ರ ಮಾತಿಗೆ ಸುಮ್ನೆ ತಲೆ ಆಡಿಸಿದರು. ಚಳ್ಳಕೆರೆಯವರದ್ದು ಕೇಳಿ, ‘ಮುದ್ದಣ್ಣ ಆಮ್ಯಾಲೆ ಬರ್ಲಿ. ಕ್ರಮ ತಪ್ಪಿದ್ರೂ ಪರವಾಗಿಲ್ಲ, ಮೊದ್ಲು ಭರಮಣ್ಣನ್ನ ಓದು. ಗೆದ್ದ ನಾಯಕ ಬೇಕು ನಂಗೀಗ’ ಅಂದರು. ‘ಹೊಸಹಗಲು’ ಹಳೇ ಪ್ರತಿ ನಮ್ಮ ಲೈಬ್ರರಿಯಲ್ಲಿ ಸಿಕ್ಕಿತು. ಬೆನ್ನು ಕಿತ್ತುಹೋಗಿದೆ, ಗೋಂದು ಹಚ್ಚಿ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಿದ್ದೇನೆ. ನಾಳೆ ರಾತ್ರಿಯಿಂದ ಶುರು.