ಪ್ರಾಣಿಶಾಸ್ತ್ರದ ಜೊತೆಗೆ ಜೀವರಸಾಯನಶಾಸ್ತ್ರ: ಓದಿದವರು ಅನುಭವ ತಿಳಿಸಿ

ಕೇಳಿದವರು: ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ತಂಗಿ ಬಿ.ಎಸ್ಸಿ.ಗೆ ಈ ಎರಡು ವಿಷಯಗಳನ್ನು ಆರಿಸಿಕೊಂಡಿದ್ದಾಳೆ. ಮೊದಲ ಸೆಮಿಸ್ಟರಿಗೆ ಮುನ್ನ ಏನನ್ನು ಓದಿಕೊಳ್ಳಬೇಕು?

ಹಳೆಯ ವಿದ್ಯಾರ್ಥಿ, ಹಾಸನ: ನಾನು ಯೂರಿಯಾ ಚಕ್ರದ (ಯಕೃತ್ತು ಅಮೋನಿಯವನ್ನು ಯೂರಿಯವಾಗಿಸುವ ಕ್ರಿಯೆಗಳ ಸರಣಿ) ಐದೂ ಹಂತಗಳನ್ನು ಕಿಣ್ವಗಳ ಹೆಸರಿನೊಂದಿಗೆ ಬಾಯಿಪಾಠ ಮಾಡಿದ್ದರೂ, ಮೊದಲ ಎರಡು ಮೈಟೊಕಾಂಡ್ರಿಯದೊಳಗೆ ಮತ್ತು ಉಳಿದ ಮೂರು ಕೋಶರಸದಲ್ಲಿ ನಡೆಯುತ್ತವೆ ಎಂಬುದನ್ನು ಬರೆಯದೆ ಮೂರು ಅಂಕಗಳಿಂದ ಅನುತ್ತೀರ್ಣನಾದೆ. ಈ ಚಕ್ರದಲ್ಲಿ ಖರ್ಚಾಗುವ ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ಅಣು) 3 ಎಂದು ಬರೆದಿದ್ದೆ. ಅದನ್ನು ಹೊಡೆದು 4 ಎಂದು ತಿದ್ದಿದ್ದರು. ಉತ್ತರಪತ್ರಿಕೆಯ ನಕಲಿಗೆ 300, ಮರುಮೌಲ್ಯಮಾಪನಕ್ಕೆ 500, ಎರಡು ಸಲ ಓಡಾಡಿದ ಬಸ್ಸಿಗೆ 256, ಒಟ್ಟು 1,056 ರೂಪಾಯಿ ತೆತ್ತ ಮೇಲೆ ಹೆಚ್ಚಾದದ್ದು ಒಂದೇ ಅಂಕ. ಪ್ರಾಣಿಶಾಸ್ತ್ರವೊಂದೇ ಸಾಕಿತ್ತು.

ಉಪನ್ಯಾಸಕಿ, ಶಿವಮೊಗ್ಗ: ನಿಮ್ಮ ಸೋಲನ್ನು ವಿಷಯದ ತಲೆಗೆ ಕಟ್ಟಬೇಡಿ. ಮೀನು ಅಮೋನಿಯವನ್ನು, ಕಪ್ಪೆ ಯೂರಿಯವನ್ನು, ಹಕ್ಕಿಗಳು ಯೂರಿಕ್ ಆಮ್ಲವನ್ನು ಹೊರಹಾಕುತ್ತವೆ ಎಂಬುದನ್ನು ನಾನೂ ಎರಡು ವರ್ಷ ಉರು ಹೊಡೆದಿದ್ದೆ. ವಿಜ್ಞಾನಿಗಳಾದ ಕ್ರೆಬ್ಸ್ ಮತ್ತು ಹೆನ್ಸೆಲೈಟ್ 1932ರಲ್ಲಿ ವಿವರಿಸಿದ ಈ ಚಕ್ರವನ್ನು ಓದಿದ ಮೇಲೆಯೇ, ವಿಷವಾದ ಅಮೋನಿಯವನ್ನು ತೊಳೆದು ಹಾಕಲು ಧಾರಾಳವಾಗಿ ನೀರು ಬೇಕೆಂದೂ, ನೀರಿನಿಂದ ನೆಲಕ್ಕೆ ಬಂದ ಪ್ರಾಣಿ ಎಟಿಪಿ ಖರ್ಚುಮಾಡಿ ಅದನ್ನು ಯೂರಿಯವಾಗಿಸುತ್ತದೆಂದೂ ಅರ್ಥವಾಯಿತು. ಅಮೋನಿಯ ಬಿಡುತ್ತಿದ್ದ ಗೊದಮೊಟ್ಟೆ ಕಪ್ಪೆಯಾಗುವಾಗ ಅದರ ಯಕೃತ್ತಿನಲ್ಲಿ ಇದೇ ಕಿಣ್ವಗಳು ಹೆಚ್ಚುತ್ತವೆ. ಬಸ್ ನಿಲ್ದಾಣದಲ್ಲಿ ಅಂಗಿಯ ಮೇಲೆ ಬೀಳುವ ಕಾಗೆಯ ಹಿಕ್ಕೆಯ ಬಿಳಿ ಭಾಗ ನೀರಿನಲ್ಲಿ ಸುಲಭವಾಗಿ ಕರಗದ ಯೂರಿಕ್ ಆಮ್ಲವೆಂದು ತಿಳಿದ ದಿನ ನಾನು ಈ ವಿಷಯಕ್ಕೆ ಒಲಿದೆ. ಇನ್ನು 3 ಎಂಬುದು ಎಟಿಪಿ ಅಣುಗಳ ಸಂಖ್ಯೆ. ಅವುಗಳಲ್ಲೊಂದು ಎರಡು ಫಾಸ್ಫೇಟುಗಳನ್ನು ಕಳೆದುಕೊಂಡು ಎಎಂಪಿಯವರೆಗೂ ಒಡೆಯುವುದರಿಂದ, ಮುರಿಯುವ ಅಧಿಕಶಕ್ತಿಯ ಫಾಸ್ಫೇಟ್ ಬಂಧಗಳ ಲೆಕ್ಕ 4.

ಹಳೆಯ ವಿದ್ಯಾರ್ಥಿ, ಹಾಸನ: ಹಾಗಾದರೆ ನಾನು ಬರೆದದ್ದೂ ಸರಿಯೇ ಇತ್ತಲ್ಲ, ಮೇಡಂ! ಈ ಒಂದು ವಾಕ್ಯವನ್ನು ತರಗತಿಯಲ್ಲಿ ಯಾರೂ ಹೇಳಲಿಲ್ಲ.

ಕಾರವಾರದಿಂದ: ಮೇಡಂ ಅವರು ಮೀನುಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕಿದ್ದು ತಪ್ಪು. ಕಡಲಿನ ಶಾರ್ಕ್ ಮತ್ತು ತೊರಕೆ (ಚಪ್ಪಟೆ ಮೈಯ ಮೀನು) ತಮ್ಮ ಮೈಯಲ್ಲಿ ಯೂರಿಯವನ್ನು ಉಳಿಸಿಕೊಳ್ಳುತ್ತವೆ. ಕೆಟ್ಟ ತೊರಕೆ ಮೂಗಿಗೆ ಅಡರುವುದು ಆ ಯೂರಿಯವನ್ನು ಬ್ಯಾಕ್ಟೀರಿಯಗಳು ಅಮೋನಿಯವಾಗಿ ಒಡೆಯುವುದರಿಂದ.

ಉಪನ್ಯಾಸಕಿ, ಶಿವಮೊಗ್ಗ: ಮೀನು ಎಂದಲ್ಲಿ ಮೂಳೆಮೀನು ಎಂದು ಓದಿಕೊಳ್ಳಿ; ಶಾರ್ಕ್, ತೊರಕೆಗಳದು ಮೂಳೆಯಲ್ಲ, ಮೃದ್ವಸ್ಥಿ. ಆರಂಭಿಕರಿಗೆ ಅಪವಾದಗಳನ್ನು ಮೊದಲೇ ಹೇಳಿದರೆ ನಿಯಮವೂ ನಿಲ್ಲುವುದಿಲ್ಲ.

ಕಾರವಾರದಿಂದ: ಕರಾವಳಿಯ ನಮ್ಮ ಮಕ್ಕಳು ದಿನವೂ ಆ ಅಪವಾದವನ್ನೇ ಉಣ್ಣುತ್ತಾರೆ.

ಕೇಳಿದವರು: ತಮಗೆಲ್ಲ ವಂದನೆಗಳು. ಆದರೆ ತಂಗಿಯ ಮೊದಲ ಸೆಮಿಸ್ಟರಿನಲ್ಲಿ ಯೂರಿಯಾ ಚಕ್ರವೇ ಇಲ್ಲ. ಇರುವುದು ಪಿಎಚ್ (ಆಮ್ಲೀಯತೆಯ ಅಳತೆ), ಬಫರ್ (ಪಿಎಚ್ ಹೆಚ್ಚು ಬದಲಾಗದಂತೆ ತಡೆಯುವ ದ್ರಾವಣ) ಮತ್ತು ಕಾರ್ಬೋಹೈಡ್ರೇಟುಗಳು.

ಕಾರವಾರದಿಂದ: ಕಾರ್ಬೋಹೈಡ್ರೇಟ್ ಎಂದಿರಲ್ಲ, ಅದು ನನ್ನ ಹಳೆಯ ಗಾಯ. ಪ್ರಾಯೋಗಿಕ ಪರೀಕ್ಷೆಯಲ್ಲಿ, ಗ್ಲೂಕೋಸಿನಂಥ ಸಕ್ಕರೆಯಿದ್ದರೆ ಕಾಯಿಸಿದಾಗ ಇಟ್ಟಿಗೆ ಕೆಂಪಾಗುವ ಬೆನೆಡಿಕ್ಟ್ ದ್ರಾವಣ ಎಷ್ಟು ಕಾಯಿಸಿದರೂ ನೀಲಿಯಾಗಿಯೇ ಉಳಿದಾಗ, ದ್ರಾವಣವೇ ಹಾಳಾಗಿದೆಯೆಂದು ತಿಳಿದು ಗ್ಲೂಕೋಸ್ ಎಂದು ಬರೆದೆ. ಕೊಟ್ಟಿದ್ದದ್ದು ಸುಕ್ರೋಸ್, ನಾವು ಚಹಾಕ್ಕೆ ಹಾಕುವ ಸಕ್ಕರೆ. ಮೊದಲು ಆಮ್ಲ ಹಾಕಿ ಕಾಯಿಸಿ ಅದನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದು, ಆಮ್ಲವನ್ನು ತಟಸ್ಥಗೊಳಿಸಿ ಪರೀಕ್ಷಿಸಿದ್ದರೆ ಇಟ್ಟಿಗೆ ಕೆಂಪು ಬಂದಿರುತ್ತಿತ್ತು. ಹತ್ತು ಅಂಕ ಹೋಯಿತು.