ಯುದ್ಧಕಾಲದ ಅಧ್ಯಕ್ಷರನ್ನೂ ಈಗಿನವರನ್ನೂ ಹೋಲಿಸುವುದು ಹೇಗೆ?

ಎಂ.ಎ. ವಿದ್ಯಾರ್ಥಿನಿ, ಕಲಬುರಗಿ
ಅಮೆರಿಕದ ಅಧ್ಯಕ್ಷರ ಬಗ್ಗೆ ಸೆಮಿನಾರ್ ಮಾಡಬೇಕಿದೆ. ಲಿಂಕನ್, ಫ್ರಾಂಕ್ಲಿನ್ ರೂಸ್‌ವೆಲ್ಟ್ ಬಗ್ಗೆ ಓದಿದರೆ ಈಗಿನವರು ಯಾರೂ ಅವರ ಹತ್ತಿರಕ್ಕೂ ಬರಲ್ಲ ಅನ್ನಿಸುತ್ತದೆ. ಸತ್ತವರೆಲ್ಲ ದೊಡ್ಡವರಾಗಿಯೇ ಕಾಣುತ್ತಾರೆ ಅಂತ ಗೆಳತಿಯರ ವಾದ. ಭಾಷಣ ನೋಡಿ ಅಳೆದರೆ ಸಾಕಾ?

ನಿವೃತ್ತ ಮಾಸ್ತರ್, ಬೀದರ್
ಭಾಷಣ ಪಕ್ಕಕ್ಕಿಡು, ತಂಗೀ. ಯುದ್ಧ ಬಂದಾಗ ಅವರು ಯಾರನ್ನು ಕೇಳಿದರು, ಯಾರಿಗೆ ಲೆಕ್ಕ ಕೊಟ್ಟರು ಅಂತ ನೋಡು.

1864ರ ಆಗಸ್ಟ್ 23. ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಹೋಗಿ ಶುರುವಾದ ಅಂತರ್ಯುದ್ಧ ಮೂರು ವರ್ಷ ದಾಟಿತ್ತು, ಜನ ಬೇಸತ್ತಿದ್ದರು. ನವೆಂಬರ್‌ನಲ್ಲಿ ಚುನಾವಣೆ. ಸೋಲ್ತೀನಿ ಅಂತಲೇ ಲಿಂಕನ್ ಅಂದುಕೊಂಡಿದ್ದರು. ಒಂದು ಹಾಳೆಯಲ್ಲಿ ಕೆಲವೇ ಸಾಲು ಬರೆದರು: ಸೋತರೆ, ಹೊಸಬರು ಅಧಿಕಾರಕ್ಕೆ ಬರುವ ಮೊದಲೇ ಅವರ ಜೊತೆ ಸೇರಿ ಒಕ್ಕೂಟ ಉಳಿಸಬೇಕು. ಹಾಳೆ ಮಡಚಿದರು. ಒಳಗೇನಿದೆ ಅಂತ ಹೇಳದೆ ಮಂತ್ರಿಗಳಿಂದ ಹಿಂಬದಿಗೆ ಸಹಿ ಹಾಕಿಸಿಕೊಂಡರು. ಸೆಪ್ಟೆಂಬರ್‌ನಲ್ಲಿ ದಕ್ಷಿಣದವರ ಅಟ್ಲಾಂಟಾ ನಗರ ಕೈಗೆ ಬಂತು, ಗೆದ್ದರು, ಅದು ಬೇರೆ ಮಾತು. ಚುನಾವಣೆ ಮುಂದೂಡಲು ಯುದ್ಧಕ್ಕಿಂತ ದೊಡ್ಡ ನೆಪ ಬೇಕಾ? ಆದರೂ ಮುಂದೂಡಲಿಲ್ಲ. ಕ್ಲಾಸಿನಲ್ಲಿ ಇದನ್ನು ಹೇಳುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತಿತ್ತು.

ರೂಸ್‌ವೆಲ್ಟ್ ಅವರದ್ದು ಎರಡನೇ ಮಹಾಯುದ್ಧದ ನಡುವೆ, 1942ರ ಫೆಬ್ರವರಿ 23ರ ರೇಡಿಯೋ ಮಾತು. ಭೂಪಟ ಎದುರಿಗಿಟ್ಟುಕೊಂಡು ಕೇಳಿ ಅಂತ ಮೊದಲೇ ತಿಳಿಸಿದ್ದರು. ಜನ ಅಂಗಡಿಗೆ ಮುಗಿಬಿದ್ದು ಭೂಪಟ ಕೊಂಡರು. ಪೆಸಿಫಿಕ್‌ನಲ್ಲಿ ಜಪಾನಿನಿಂದ ಪೆಟ್ಟು ತಿನ್ನುತ್ತಿದ್ದ ಹೊತ್ತಿನಲ್ಲೇ ಎಲ್ಲೆಲ್ಲಿ ಏನಾಗಿದೆ ಅಂತ ಬಿಡಿಸಿ ಹೇಳಿದರು.

ಈಗ? ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ಕೊನೆಯ ಸಲ ಯುದ್ಧ ಘೋಷಿಸಿದ್ದು 1942ರಲ್ಲೇ. ಒಪ್ಪಿಗೆ ಇಲ್ಲದ ಕಾರ್ಯಾಚರಣೆಗೆ 1973ರ ಕಾನೂನು 60 ದಿನದ ಗಡುವು ಹಾಕಿತು. 2011ರಲ್ಲಿ ಲಿಬಿಯಾ ಮೇಲಿನ ದಾಳಿ ಆ ಗಡುವು ದಾಟಿದಾಗ, ಇದಕ್ಕೆ ಅದು ಅನ್ವಯಿಸಲ್ಲ ಅಂತ ಒಬಾಮ ಸರ್ಕಾರ ವಾದಿಸಿತು. ಕಡ್ಡಾಯ ಸೇನಾ ಭರ್ತಿ 1973ರಲ್ಲೇ ನಿಂತಿದೆ. ಹಾಗಾಗಿ ಜಾಸ್ತಿ ಮನೆಗಳಿಗೆ ಯುದ್ಧದ ಬಿಸಿ ತಟ್ಟುವುದಿಲ್ಲ. ಬಿಸಿ ತಟ್ಟದ ಜನ ಪ್ರಶ್ನೆ ಕೇಳಲ್ಲ, ಅಧ್ಯಕ್ಷರೂ ಹೇಳಲ್ಲ.

ವಕೀಲೆ, ಯಾದಗಿರಿ
ಸರ್, ಒಂದು ಮಾತು ಬಿಟ್ಟಿರಿ. ಆ ರೇಡಿಯೋ ಮಾತಿಗೆ ನಾಲ್ಕೇ ದಿನ ಮೊದಲು, ಫೆಬ್ರವರಿ 19ಕ್ಕೆ, ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದ್ದರು. ಅದರಿಂದ ಜಪಾನಿ ಮೂಲದ ಸುಮಾರು 1,20,000 ಜನ ಮನೆಮಠ ಬಿಟ್ಟು ಶಿಬಿರ ಸೇರಬೇಕಾಯಿತು. ಹೆಚ್ಚಿನವರು ಅಮೆರಿಕದ ಪ್ರಜೆಗಳೇ. 1944ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ತಡೆಯಲಿಲ್ಲ. ದೇಶ ಕ್ಷಮೆ ಕೇಳಿ, ಬದುಕಿದ್ದವರಿಗೆ ತಲಾ 20,000 ಡಾಲರ್ ಕೊಡುವ ಕಾನೂನು ಬಂದದ್ದು 1988ರಲ್ಲಿ.

ರಜಾಕಾರರ ಕಾಲದಲ್ಲಿ ನಮ್ಮಜ್ಜಿ ಹಗೇವಿನಲ್ಲಿದ್ದ ಜೋಳ ಹಾಗೇ ಬಿಟ್ಟು ಸೊಲ್ಲಾಪುರದ ಕಡೆ ಓಡಿದವರು. ವಾಪಸ್ ಬಂದಾಗ ಒಂದು ಕಾಳೂ ಇರಲಿಲ್ಲವಂತೆ. ಹಾಗಾಗಿ ಯಾವ ನಾಯಕನನ್ನು ಹೊಗಳಿದರೂ, ಯಾರನ್ನು ಮನೆ ಬಿಡಿಸಿದ ಅಂತ ನಾನು ಕೇಳಿಯೇ ಕೇಳುತ್ತೇನೆ.

ನಿವೃತ್ತ ಮಾಸ್ತರ್, ಬೀದರ್
ಅಕ್ಕಾ, ನೂರಕ್ಕೆ ನೂರು ನಿಜ. ತಂಗೀ, ಸೆಮಿನಾರಿನಲ್ಲಿ ಆ ಎರಡು ತಾರೀಖನ್ನೂ ಒಂದೇ ಪುಟದಲ್ಲಿ ಬರೆ. ಜನರನ್ನು ನಂಬಿ ಭೂಪಟ ಹಿಡಿಸಿದವರೂ ಅವರೇ, ಅದೇ ವಾರ ಒಂದಷ್ಟು ಜನರನ್ನು ನಂಬದೆ ಹೊರಹಾಕಿದವರೂ ಅವರೇ.

ಎಂ.ಎ. ವಿದ್ಯಾರ್ಥಿನಿ, ಕಲಬುರಗಿ
ಹಾಗಾದರೆ ರೂಸ್‌ವೆಲ್ಟ್ ನಂತರ ಅಧ್ಯಕ್ಷರಾದ ಟ್ರೂಮನ್ ಯಾವ ಸಾಲಿಗೆ ಸರ್?

ನಿವೃತ್ತ ಮಾಸ್ತರ್, ಬೀದರ್
ನಡುವೆ ಇಡು. 1951ರಲ್ಲಿ ಜನಪ್ರಿಯ ಜನರಲ್ ಮೆಕಾರ್ಥರ್‌ನನ್ನೇ ತೆಗೆದುಹಾಕಿ, ಸೇನೆ ಸರ್ಕಾರದ ಮಾತು ಕೇಳಲೇಬೇಕು ಅಂತ ತೋರಿಸಿದರು. ಆದರೆ ಕೊರಿಯಾ ಯುದ್ಧಕ್ಕೆ ಕಾಂಗ್ರೆಸ್ಸನ್ನು ಕೇಳದೆ ಇಳಿದವರೂ ಅವರೇ. ಆಮೇಲಿನವರು ಹಿಡಿದದ್ದು ಆ ದಾರಿಯನ್ನೇ.