ಪೋಲೋ ಜಿಟಿಗೆ ಎಕ್ಸ್‌ಟ್ರಾ ಮೀಟರ್: ಮೊದಲು ಯಾವುದು, ಸೆನ್ಸರ್ ಎಲ್ಲಿ?

ಪ್ರಶ್ನೆ (ಗಂಗಾವತಿ):
ಅಣ್ಣಾ, ನಮಸ್ಕಾರ. ನನ್ನದು ಪೋಲೋ ಜಿಟಿ ಟಿಎಸ್‌ಐ, 1.2 ಟರ್ಬೊ, 7 ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್). ಕಂಪನಿ ಕೊಟ್ಟಿದ್ದು 105 ಪಿಎಸ್, ಈಗ ರೀಮ್ಯಾಪ್ ಮಾಡಿಸೀನಿ, ಅಂದ್ರ ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಪವರ್ ಏರಿಸೀನಿ. ಬೇಸಿಗ್ಯಾಗ ಕಂಪ್ಲಿ ಮ್ಯಾಲೆ ಬಳ್ಳಾರಿಗೆ ಜೋರಾಗಿ ಬಂದ್ರ ಒಳಗ ಏನ್ ನಡದೈತಿ ಅಂತ ತಿಳಿಯಂಗಿಲ್ಲ. ಬೂಸ್ಟ್ (ಟರ್ಬೊ ತುಂಬೋ ಗಾಳಿಯ ಒತ್ತಡ), ಆಯಿಲ್ ಪ್ರೆಷರ್, ಗೇರ್‌ಬಾಕ್ಸ್ ಟೆಂಪರೇಚರ್, ಮೂರೂ ಮೀಟರ್ ಹಾಕ್ಸೋ ಆಸೆ, ರೊಕ್ಕ ಮಾತ್ರ ಎರಡಕ್ಕೇ ಐತಿ. ಯಾವ ಎರಡು? ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಯಾವಾಗ್ಲೂ 90ಕ್ಕೇ ನಿಂತಿರ್ತೈತಿ. ಅಂದ್ರ ಚಿಂತಿಲ್ಲ ಅಂತಾನಾ?

ಉತ್ತರ (ಆಟೊ ಎಲೆಕ್ಟ್ರಿಷಿಯನ್, ಬಳ್ಳಾರಿ):
ಆ 90ರ ಮುಳ್ಳು ನಂಬಬ್ಯಾಡ ತಮ್ಮ. ಫೋಕ್ಸ್‌ವ್ಯಾಗನ್‌ನವರು ಬೇಕಂತಲೇ ಹಂಗ ಮಾಡ್ಯಾರ. ಕೂಲಂಟ್ (ಇಂಜಿನ್ ತಣ್ಣಗಿಡೋ ನೀರು) ಸುಮಾರು 80 ಇರಲಿ, 100 ಇರಲಿ, ಮುಳ್ಳು ನಡುವಿನ್ಯಾಗೇ ಕುಂತಿರ್ತೈತಿ, ಗಿರಾಕಿ ಗಾಬರಿ ಬೀಳಬಾರದು ಅಂತ. ಅದು ಕದಲೋ ಹೊತ್ತಿಗೆ ಇಂಜಿನ್ ಆಗಲೇ ಕಾದಿರ್ತೈತಿ. ನಿಜವಾದ ಅಂಕಿ ಬೇಕಂದ್ರ ಓಬಿಡಿ ಸಾಕೆಟ್ಟಿಗೆ (ಸರ್ವಿಸ್‌ನವರು ಸ್ಕ್ಯಾನರ್ ಚುಚ್ಚೋ ಜಾಗ) ಸಣ್ಣ ಡಾಂಗಲ್ ಹಾಕಿ ಮೊಬೈಲಿನ್ಯಾಗ ನೋಡು. ಕೂಲಂಟ್, ಒಳಗ ಹೋಗೋ ಗಾಳಿ ಬಿಸಿ, ಮ್ಯಾನಿಫೋಲ್ಡ್ ಪ್ರೆಷರ್ (ಬೂಸ್ಟ್ ತಿಳಿಯೋದು ಇದರಿಂದಲೇ) ಎಲ್ಲ ಸಿಗ್ತೈತಿ. ಗಾಡಿ ದಿನಗಟ್ಲೆ ನಿಲ್ಸೋದಾದ್ರ ಡಾಂಗಲ್ ಕಿತ್ತಿಡು, ಬ್ಯಾಟರಿ ತಿಂತೈತಿ.

ಹಂಗಾಗಿ ಅಲ್ಲಿ ಸಿಗೋದಕ್ಕ ರೊಕ್ಕ ಹಾಕಬ್ಯಾಡ, ಸಿಗದೇ ಇರೋದಕ್ಕ ಹಾಕು. ಸಿಗದೇ ಇರೋದು ಆಯಿಲ್ ಪ್ರೆಷರ್. ಬಹಳ ಕಾರುಗಳಿಗೆ ಕಂಪನಿಯವರು ಪ್ರೆಷರ್ ಅಳೆಯೋ ಸೆನ್ಸರ್ ಇಡಂಗಿಲ್ಲ, ಬರೀ ಸ್ವಿಚ್ ಇಡ್ತಾರ. ಪ್ರೆಷರ್ ಹೆಚ್ಚೂ ಕಡಿಮೆ ಪೂರಾ ಬಿದ್ದಮ್ಯಾಲೇ ಕೆಂಪು ದೀಪ ಹತ್ತೋದು. 5,000 ಆರ್‌ಪಿಎಂನ್ಯಾಗ ಆ ದೀಪ ಕಂಡಿ ಅಂದ್ರ ಬೇರಿಂಗ್ ಕಥಿ ಮುಗದಂಗೇ. ಅದಕ್ಕ ಮೊದಲನೇದು ಆಯಿಲ್ ಪ್ರೆಷರ್, ಅದೂ ವಾರ್ನಿಂಗ್ ದೀಪ, ಬಜರ್ ಇರೋದು. ಓಡಿಸೋವಾಗ ಮುಳ್ಳು ನೋಡ್ಕೋತ ಕೂಡಾಕ ಆಗಂಗಿಲ್ಲ. ಎರಡನೇದು, ನೀ ಕೇಳದೇ ಇದ್ರೂ, ಇಂಜಿನ್ ಆಯಿಲ್ ಟೆಂಪರೇಚರ್. 90ರಿಂದ 110 ಇದ್ರ ಆರಾಮ್, 130 ದಾಟಿದ್ರ ಕಾಲು ತಗಿ. ಬೂಸ್ಟ್ ಮೀಟರ್ ನೋಡಾಕ ಚಂದ, ಗೆಳೆಯರಿಗೆ ತೋರಿಸಾಕ ಇನ್ನೂ ಚಂದ. ಆಮ್ಯಾಲೆ ನೋಡೋಣ.

ಗೇರ್‌ಬಾಕ್ಸ್ ಮೀಟರ್ ನಿನ್ನ ಗಾಡಿಗೆ ಬ್ಯಾಡ. ನಿನ್ನದು ಡ್ರೈ ಕ್ಲಚ್ ಡಿಎಸ್‌ಜಿ, ಕ್ಲಚ್ ಪ್ಲೇಟು ಆಯಿಲಿನ್ಯಾಗ ಮುಳುಗಿರಂಗಿಲ್ಲ. ಟ್ರಾಫಿಕ್ಕಿನ್ಯಾಗ ತೆವಳಿ ಕ್ಲಚ್ ಕಾದ್ರೂ ಆಯಿಲ್ ತಣ್ಣಗೇ ಇರಬಹುದು, ಮೀಟರ್ ನೋಡಿ ನೀನು ಮೋಸ ಹೋಗ್ತಿ. ಕ್ಲಚ್ಚಿನ ಬಿಸಿ ಗೇರ್‌ಬಾಕ್ಸ್ ಕಂಪ್ಯೂಟರ್ ಲೆಕ್ಕ ಹಾಕಿ ಇಟ್ಟಿರ್ತೈತಿ, ಒಳ್ಳೆ ಸ್ಕ್ಯಾನರ್ ಹಾಕಿದ್ರ ಓದಬಹುದು.

ಮರುಪ್ರಶ್ನೆ (ಗಂಗಾವತಿ):
ಸೆನ್ಸರ್ ಕೂಡ್ಸಾಕ ಬ್ಲಾಕಿಗೆ ಡ್ರಿಲ್ ಹೊಡೀಬೇಕೇನಣ್ಣಾ?

ಉತ್ತರ:
ಯಾರಾದ್ರೂ ಡ್ರಿಲ್ ತಗಂಡ್ರ ಗಾಡಿ ಎತ್ಕೊಂಡ್ ಬಾ! ಆಯಿಲ್ ಫಿಲ್ಟರ್ ಬಿಚ್ಚಿ, ಅದಕ್ಕೂ ಬ್ಲಾಕಿಗೂ ನಡುವ ಸ್ಯಾಂಡ್‌ವಿಚ್ ಪ್ಲೇಟ್ ಕೂಡ್ಸಬೇಕು. ಎರಡೂ ಸೆನ್ಸರ್ ಅದಕ್ಕೇ ಬರ್ತಾವ. ತರಿಸೋ ಮೊದಲು ಫಿಲ್ಟರಿನ ಥ್ರೆಡ್ ಯಾವುದು ಅಂತ ಖಾತ್ರಿ ಮಾಡ್ಕೊ. ಎಂ20 × 1.5 (20 ಮಿ.ಮೀ. ಅಳತಿ) ಮತ್ತ ಮುಕ್ಕಾಲು ಇಂಚು 16 (ಇಂಚಿಗೆ 16 ಥ್ರೆಡ್) ಎರಡೂ ಕಣ್ಣಿಗೆ ಒಂದೇ ಥರ ಕಾಣ್ತಾವ, ತಪ್ಪಿದ್ದು ಹಾಕಿದ್ರ ಥ್ರೆಡ್ ಕೆಡ್ತೈತಿ ಇಲ್ಲಾ ಆಯಿಲ್ ಸೋರ್ತೈತಿ. ಸೆನ್ಸರಿಗೂ ಇದೇ ಗೋಳು. ಅಮೆರಿಕದವು 1/8 ಎನ್‌ಪಿಟಿ, ಇಂಚಿಗೆ 27 ಥ್ರೆಡ್. ಜಪಾನಿನವು 1/8 ಪಿಟಿ, ಇಂಚಿಗೆ 28. ಒಂದರ ತೂತಿಗೆ ಇನ್ನೊಂದು ಹಾಕಿದ್ರ ಕೈಯಿಂದ ಎರಡು ಸುತ್ತು ಸಲೀಸಾಗಿ ಹೋಗ್ತೈತಿ, ಆಮ್ಯಾಲೆ ಪಾನಾ ಹಾಕಿ ಬಿಗದ್ರ ಅಲ್ಯುಮಿನಿಯಂ ಸೀಳ್ತೈತಿ.

ಪ್ರೆಷರ್ ಸೆನ್ಸರ್ ದಪ್ಪಂದು, ಭಾರಂದು ಇದ್ರ ಹಿತ್ತಾಳಿ ಟೀ (ಮೂರು ಬಾಯಿಯ ಜೋಡಣಿ) ಹಾಕಿ ಇಂಜಿನ್ನಿಗೇ ಜೋತು ಬಿಡಬ್ಯಾಡ. ವೈಬ್ರೇಷನ್ನಿಗೆ ಕುತ್ತಿಗಿ ಮುರೀತೈತಿ, ಆಯಿಲ್ ಎಲ್ಲ ರೋಡಿಗೆ. ಸಣ್ಣ ಬ್ರೇಡೆಡ್ ಹೋಸ್ ಎಳದು ಸೆನ್ಸರನ್ನ ಬಾಡಿಗೆ ಕ್ಲಾಂಪ್ ಮಾಡು. ಒಂದೇ ವೈರಿನ ಸೆನ್ಸರ್ ಆದ್ರ ಅದಕ್ಕ ಬ್ಯಾರೆ ಅರ್ತ್ ಕೊಡಬೇಕು, ಯಾಕಂದ್ರ ಅದು ಮೈಯಿಂದಲೇ ಅರ್ತ್ ತಗೊಳ್ಳೋದು. ಥ್ರೆಡ್ಡಿಗೆ ಬಿಳಿ ಟೇಪ್ ಸಿಕ್ಕಾಪಟ್ಟೆ ಸುತ್ತಿ ಅರ್ತ್ ಕಟ್ ಆಗಿ, ಮೀಟರೇ ಕೆಟ್ಟೈತಿ ಅಂತ ವಾಪಸ್ ಕಳಿಸಿದವ್ರನ್ನ ನೋಡೀನಿ.

ವೈರಿಂಗಿಗೆ ಕಾಯಂ 12 ವೋಲ್ಟ್, ಇಗ್ನಿಷನ್ ಲೈನ್, ಪಾರ್ಕಿಂಗ್ ದೀಪದ ಲೈನ್, ಅರ್ತ್, ಇಷ್ಟು ಬೇಕು. ಫ್ಯೂಸ್ ಬಾಕ್ಸಿನಿಂದ ಫ್ಯೂಸ್ ಟ್ಯಾಪ್ ಹಾಕಿ ಸಣ್ಣ ಫ್ಯೂಸ್ ಕೊಡು. ಏರ್‌ಬ್ಯಾಗ್ ಫ್ಯೂಸ್ ಮುಟ್ಟಬ್ಯಾಡ. ವೈರ್ ಕಚ್ಚಿ ಸಿಪ್ಪಿ ತಗದು ಸುತ್ತೋ ಕೆಲಸ ಮಾಡೋರ ಹತ್ರ ಹೋಗಲೇ ಬ್ಯಾಡ. ಸೆನ್ಸರ್ ವೈರ್ ಇಗ್ನಿಷನ್ ಕಾಯಿಲ್ ಪಕ್ಕ ಹಾಯಿಸಿದ್ರ ಮುಳ್ಳು ಕುಣೀತೈತಿ. ಆಯಿಲ್ ಪೈಪೇ ಡ್ಯಾಶಿನ ತನಕ ಬರೋ ಮೆಕ್ಯಾನಿಕಲ್ ಮೀಟರ್ ಅಗ್ಗಕ್ಕ ಸಿಗ್ತಾವ, ಪೈಪ್ ಒಡದ್ರ ಕಾದ ಎಣ್ಣಿ ತೊಡಿ ಮ್ಯಾಲೆ. ಎಲೆಕ್ಟ್ರಿಕ್ಕೇ ತಗೊ.

ಇನ್ನೊಬ್ಬರ ಪ್ರಶ್ನೆ (ತೋರಣಗಲ್ಲು):
ಸರ್, ನಂದು ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲ್ ಮೂಲಕ ಶಕ್ತಿ ದಾಟಿಸೋದು) ಆಟೊಮ್ಯಾಟಿಕ್. ಸಂಡೂರ್ ಕಡೆ ಅದಿರು ಲಾರಿ ಹಿಂದ ತೆವಳೋದೇ ದಿನಾ ಕೆಲಸ. ನಂಗೂ ಗೇರ್‌ಬಾಕ್ಸ್ ಮೀಟರ್ ಬ್ಯಾಡೇನ್ರಿ?

ಉತ್ತರ:
ನಿಮಗ ಬೇಕ್ರಿ. ನಿಮ್ಮ ಗೇರ್‌ಬಾಕ್ಸಿನ್ಯಾಗ ಬಿಸಿ ಹುಟ್ಟೋದೇ ಕನ್ವರ್ಟರಿನ್ಯಾಗ, ಅದು ಆಯಿಲಿಗೇ ಬರ್ತೈತಿ. ಕೂಲರಿಗೆ ಹೋಗೋ ಲೈನಿನ್ಯಾಗ ಟೀ ಹಾಕಿ ಸೆನ್ಸರ್ ಕೂಡ್ಸಿದ್ರ ಏರಿಳಿತ ಲಗೂನ ತಿಳೀತೈತಿ, ಅಂಕಿ ಮಾತ್ರ ಪ್ಯಾನಿನಕಿಂತ (ಗೇರ್‌ಬಾಕ್ಸ್ ತಳದಾಗ ಆಯಿಲ್ ನಿಲ್ಲೋ ತಟ್ಟಿ) ಜಾಸ್ತಿ ತೋರಿಸ್ತೈತಿ. ಡ್ರೈನ್ ಬೋಲ್ಟ್ ಜಾಗಕ್ಕ ಹಾಕೋ ಸೆನ್ಸರ್ ನಮ್ಮ ರೋಡಿಗೆ ಬ್ಯಾಡ್ರಿ, ಕಲ್ಲು ಬಡದ್ರ ಹೋತು. ಪ್ಯಾನಿನ್ಯಾಗ 80ರಿಂದ 95 ಇದ್ರ ನಿಶ್ಚಿಂತಿ. 120 ಕಂಡ್ರ ಪಕ್ಕಕ್ಕ ಹಾಕಿ, ಪಾರ್ಕಿಗೆ ಇಟ್ಟು, ಇಂಜಿನ್ ಆಫ್ ಮಾಡ್ದಂಗ ಬಿಡ್ರಿ, ಆಯಿಲ್ ಕೂಲರಿನ್ಯಾಗ ತಿರುಗಲಿ. ಮೊದಲು ರೇಡಿಯೇಟರ್, ಕೂಲರ್ ಸಂದಿನ್ಯಾಗ ತುಂಬಿರೋ ಕೆಂಪು ಧೂಳು ತೊಳಿಸ್ರಿ. ಅಷ್ಟಕ್ಕೇ ಬಿಸಿ ಇಳಿದ್ರೂ ಇಳೀಬಹುದು. ಗಂಗಾವತಿ ತಮ್ಮನೂ ಕೇಳು, ಸುಗ್ಗಿ ಟೈಮಿನ್ಯಾಗ ಭತ್ತದ ಹೊಟ್ಟು ರೇಡಿಯೇಟರ್ ಮುಚ್ಚಿರ್ತೈತಿ.

ಮರುಪ್ರಶ್ನೆ (ಗಂಗಾವತಿ):
ಕೊನೇದು ಅಣ್ಣಾ. ಬಿಸಿ ಇಂಜಿನ್ ಐಡಲ್‌ನ್ಯಾಗ (ಗಾಡಿ ನಿಂತು ಇಂಜಿನ್ ಅಷ್ಟೇ ಓಡೋವಾಗ) ಆಯಿಲ್ ಪ್ರೆಷರ್ 1 ಬಾರ್ ಅಷ್ಟೇ ತೋರಿಸಿದ್ರ?

ಉತ್ತರ:
ಐಡಲ್‌ಗೆ ಅಷ್ಟಿದ್ರ ನಡೀತೈತಿ. ಹಳೇ ಲೆಕ್ಕ 1,000 ಆರ್‌ಪಿಎಂಗೆ 10 ಪಿಎಸ್‌ಐ, ಅಂದ್ರ 0.7 ಬಾರ್. ಈಗಿನ ಗಾಡಿಗೆ ಪಕ್ಕಾ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ದೇ. ಮೀಟರ್ ಹಾಕ್ಸಿದ ವಾರ ತಣ್ಣಗಿದ್ದಾಗ, ಕಾದಾಗ, 3,000ದಾಗ ಎಷ್ಟು ಅಂತ ಬರದಿಟ್ಕೊ. ಮುಂದ ಅದೇ ಬಿಸಿಗೆ, ಅದೇ ಆರ್‌ಪಿಎಂಗೆ ಇಳದ್ರ ಗಾಡಿ ತಗೊಂಡ್ ಬಾ.